ಜಾಕ್ ಎಲ್ಲಿ ಕಟ್ತಿ ತಮ್ಮಾ?

ಬೆಳಗಾವಿ–ಬಾಗಲಕೋಟೆ ರಸ್ತೆಯಲ್ಲಿ ಓಡಾಡುವವರಿಗೆ ಲೋಕಾಪುರ ಅಂದರೆ ಒಂದು ಕ್ರಾಸು, ಅಷ್ಟೆ. ಪಶ್ಚಿಮಕ್ಕೆ ಯರಗಟ್ಟಿ, ಪೂರ್ವಕ್ಕೆ ದಾಳಿಂಬೆಯ ಕಲಾದಗಿ, ಉತ್ತರಕ್ಕೆ ರನ್ನನ ಮುಧೋಳ, ದಕ್ಷಿಣಕ್ಕೆ ರಾಮದುರ್ಗ. ಬಸ್ಸು ನಿಂತಾಗ ಒಂದು ಚಹಾ ಕುಡಿದು ಮತ್ತೆ ಹತ್ತುತ್ತಾರೆ. ನನ್ನ ಸೋದರಮಾವನ ಮನೆ ಅಲ್ಲಿಯೇ ಇರುವುದರಿಂದ ನಾನು ಇಳಿಯುವವರ ಪೈಕಿ. ಇಳಿದವರಿಗೆ ಮೊದಲು ಗೊತ್ತಾಗುವುದು ಊರಲ್ಲ, ಊರಿನ ಮಣ್ಣು.

ಘಟಪ್ರಭೆ ಮತ್ತು ಮಲಪ್ರಭೆಯ ನಡುವಿನ ಈ ಸೀಮೆಯ ಕಲ್ಲಿಗೆ ಭೂವಿಜ್ಞಾನದಲ್ಲಿ ದೊಡ್ಡ ಹೆಸರು. ರಾಬರ್ಟ್ ಬ್ರೂಸ್ ಫುಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ 1876ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇಲ್ಲಿಯ ಬಂಡೆಗಳನ್ನು ಕಲಾದಗಿ ಶ್ರೇಣಿ ಎಂದು ಕರೆದ. ಮುಂದೆ ಬಂದವರು ಅದರ ಕೆಳಗಿನ ಒಂದು ಭಾಗಕ್ಕೆ ಲೋಕಾಪುರದ ಹೆಸರನ್ನೇ ಇಟ್ಟರು. ಸುಣ್ಣದಕಲ್ಲು ಇರುವುದರಿಂದಲೇ ಬಾಗಲಕೋಟೆ, ಮುದ್ದಾಪುರದ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದವು. ಆದರೆ ಕಲ್ಲಿನ ಮೇಲೆ ಹಾಸಿಕೊಂಡಿರುವ ಮಣ್ಣಿನ ಕತೆಯೇ ಬೇರೆ. ಎತ್ತರದಲ್ಲಿ ಮಸಾರಿ, ತಗ್ಗಿನಲ್ಲಿ ಎರಿ. ಏಪ್ರಿಲ್–ಮೇ ತಿಂಗಳಲ್ಲಿ ಎರಿ ಹೊಲ ಬಿರುಕು ಬಿಟ್ಟು ಪಾದ ಸಿಕ್ಕಿಕೊಳ್ಳುವಷ್ಟು ಬಾಯಿ ತೆರೆದಿರುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ನೀರು ಹೀರಿ ಉಬ್ಬಿ ಚಪ್ಪಲಿಯನ್ನೂ ಬಿಡುವುದಿಲ್ಲ. ವರ್ಷದ ಮಳೆ 600 ಮಿಲಿಮೀಟರಿಗೂ ಕಡಿಮೆ. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಸುರಿಯುತ್ತದೆ, ಅಂದರೆ ಕಬ್ಬು ಕಡಿಯುವ ಹಂಗಾಮಿನ ಹೊಸ್ತಿಲಲ್ಲಿ.

ಹೀಗಾಗಿ ಈ ಕಡೆ ಗಾಡಿ ಹೂಳುವುದು ಸುದ್ದಿಯಲ್ಲ. ಕಡಿದ ಕಬ್ಬು ಹೊಲದಲ್ಲೇ ಉಳಿದರೆ ದಿನದಿನಕ್ಕೂ ಒಣಗಿ ತೂಕ ಕಳೆದುಕೊಳ್ಳುತ್ತದೆ, ಕಾರ್ಖಾನೆಯವರು ಕೊಡುವುದು ತೂಕಕ್ಕೆ. ಎರಡು ಡಬ್ಬಿ ಹೇರಿಕೊಂಡ ಟ್ರ್ಯಾಕ್ಟರ್ ಹೊಲದ ದಾರಿಯಲ್ಲಿ ಕೂತುಬಿಟ್ಟರೆ ಅದರ ಹಿಂದೆ ಗ್ಯಾಂಗಿನವರ ಕೂಲಿ, ಮಾಲಕನ ಸಾಲದ ಕಂತು, ಡ್ರೈವರನ ನಿದ್ದೆ ಎಲ್ಲಾ ಕೂತುಬಿಡುತ್ತವೆ. ಜೀಪು, ಬೊಲೆರೊಗಳ ಗೋಳು ಇಷ್ಟು ದೊಡ್ಡದಲ್ಲ. ಆದರೂ ರಾತ್ರಿ ಒಂಬತ್ತರ ಮೇಲೆ, ಮಕ್ಕಳು ಹಿಂದಿನ ಸೀಟಿನಲ್ಲಿ ಮಲಗಿರುವಾಗ ಸಿಕ್ಕಿಬಿದ್ದವರನ್ನು ಕೇಳಿ ನೋಡಬೇಕು.

ಮಾವನ ಮಗ ಹೋದ ವರ್ಷ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಫೋರ್ ವ್ಹೀಲ್ ಡ್ರೈವ್ ಗಾಡಿ ತಂದ. ತೋಟದ ದಾರಿ ಹಂಗೈತಿ ಅಂತ ಅವನ ಸಮರ್ಥನೆ. ಗಾಡಿಯ ಬೆನ್ನಿಗೇ ಒಂದು ಹೈಲಿಫ್ಟ್ ಜಾಕ್ ಬಂತು. ನೆಟ್ಟಗೆ ನಿಲ್ಲುವ 48 ಇಂಚಿನ ಕಬ್ಬಿಣದ ಪಟ್ಟಿ, ಪಟ್ಟಿಯ ತುಂಬ ಸಾಲು ತೂತು, ಹಿಡಿಕೆ ಒತ್ತಿದಂತೆಲ್ಲಾ ಒಂದೊಂದೇ ತೂತು ಹತ್ತುತ್ತಾ ಹೋಗುವ ಯಂತ್ರ. ಯೂಟ್ಯೂಬ್ ಹುಡುಗರು ಇದನ್ನು ಸಾಹಸದ ಸಾಮಾನು ಎಂಬಂತೆ ತೋರಿಸುತ್ತಾರೆ. ಹುಟ್ಟಿದ್ದು ಮಾತ್ರ ಹೊಲದಲ್ಲಿ. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್‌ ಎಂಬ ಊರಿನ ಹರಾ ಕಂಪನಿ 1905ರಿಂದ ಇದನ್ನು ಮಾಡುತ್ತಾ ಬಂದಿತು. ಅಲ್ಲಿಯ ಒಕ್ಕಲಿಗರು ಬೇಲಿಯ ಗೂಟ ಕೀಳಲಿಕ್ಕೂ ಇದನ್ನೇ ಹಚ್ಚುತ್ತಿದ್ದರು. ಈಗ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಾನೆಟ್ಟಿನ ಮೇಲೆ ಕೂತು ಮೆರೆಯುತ್ತದೆ.

ಅದನ್ನು ಗಾಡಿಯಲ್ಲಿ ಎಲ್ಲಿ ಕೂಡಿಸುವುದು ಎಂಬ ಪ್ರಶ್ನೆ ಹಿಡಿದುಕೊಂಡು ಮುಧೋಳ ರಸ್ತೆಯ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆವು. ನಮ್ಮೂರ ಕಡೆ ವೆಲ್ಡಿಂಗ್ ಅಂಗಡಿ ಅಂದರೆ ಅರ್ಧ ಗ್ರಾಮಸಭೆ. ಹೇಳುವವರಿಗೆ ಬರವಿಲ್ಲ.

ಹುಡುಗನ ಆಸೆ ಬಾನೆಟ್ಟಿನ ಮೇಲೆ. ನೋಡಲಿಕ್ಕೆ ಛಂದ. ಆದರೆ ಜಾಕಿನ ತೂಕ ಸುಮಾರು 13 ಕಿಲೋ. ತೆಳು ತಗಡಿನ ಬಾನೆಟ್ಟು ತಗ್ಗು–ದಿಣ್ಣೆಯಲ್ಲಿ ಅದನ್ನು ಹೊತ್ತು ಕುಣಿದರೆ ಕೀಲು ಸಡಿಲಾಗುವುದು ಖಂಡಿತ, ರಸ್ತೆಯೂ ಅಷ್ಟು ಮರೆಯಾಗುತ್ತದೆ. ಮುಂದಿನ ಬಂಪರಿಗೆ ಕಟ್ಟುವುದಂತೂ ಬೇಡವೇ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್‌ಬಾರ್ ತೆಗೆಸಿರಿ ಎಂದು ರಾಜ್ಯಗಳಿಗೆ ಬರೆದದ್ದು ಯಾಕೆಂದರೆ, ಮುಂದೆ ಚಾಚಿಕೊಂಡ ಕಬ್ಬಿಣ ಎದುರಿಗೆ ಬಂದ ಪಾದಚಾರಿಯನ್ನು ಉಳಿಸುವುದಿಲ್ಲ. ಜಾಕಿಗೂ ಅದೇ ಮಾತು.

ಟಾಪಿನ ಮೇಲಿನ ಕ್ಯಾರಿಯರ್ ಆದೀತು ಎಂದು ಅಂಗಡಿಯವ ಹೇಳಿದ. ಅಷ್ಟರಲ್ಲಿ ಅತ್ತಿಗೆ, ಅಂದರೆ ಹುಡುಗನ ಹೆಂಡತಿ, ಮಾತು ತೆಗೆದಳು. ಆಕೆ ಪಕ್ಕದ ಊರಿನ ಶಾಲೆಯಲ್ಲಿ ಶಿಕ್ಷಕಿ, ಮಳೆಗಾಲದಲ್ಲಿ ಅದೇ ಗಾಡಿ ಹೊಡೆದುಕೊಂಡು ಹೋಗುವವಳು. “ಹದಿಮೂರು ಕಿಲೋ ಕಬ್ಬಣಾ ತಲಿ ಮ್ಯಾಲಿಂದ ಇಳಸಾಕ ನನಗ ಆಗಂಗಿಲ್ರಿ. ಗಾಡಿ ವಾಲಿದಾಗಂತೂ ಮೊದಲ ಆಗಂಗಿಲ್ಲ. ನಾ ಒಬ್ಬಾಕಿನ ಇದ್ದಾಗ ಸಿಗಬಿದ್ದರ ಏನ್ ಮಾಡ್ಲಿ, ಮ್ಯಾಲ ನೋಡಕೋತ ನಿಂದರ್ಲ್ಯಾ?” ಅಂಗಡಿಯಲ್ಲಿ ಒಂದು ನಿಮಿಷ ಯಾರೂ ಉಸಿರೆತ್ತಲಿಲ್ಲ. ನನ್ನ ಮಟ್ಟಿಗೆ ಟಾಪಿನ ವಿಚಾರ ಅಲ್ಲಿಗೇ ಮುಗಿಯಿತು. ಎತ್ತರದಲ್ಲಿ ಭಾರ ಹೆಚ್ಚಿಸಿದರೆ ಗಾಡಿ ಹೊರಳುವುದೂ ಸುಲಭವಾಗುತ್ತದೆ, ಆ ಕಾರಣ ಬೇರೆ ಇತ್ತು.

ಹಿಂದಿನ ಸ್ಟೆಪ್ನಿಗೆ ಕಟ್ಟಬಹುದು ಎಂದರು. ಸ್ಟೆಪ್ನಿಯ ಭಾರಕ್ಕೇ ಹಿಂಬಾಗಿಲಿನ ಕೀಲು ಕಿರುಗುಟ್ಟುತ್ತಿರುತ್ತದೆ, ಅದರ ಮೇಲೆ ಇದೊಂದು. ಸಾಲದ್ದಕ್ಕೆ ಹಿಂದಿನ ಗಾಲಿ ಎಬ್ಬಿಸುವ ಕೆಸರು, ಧೂಳು ಎಲ್ಲಾ ನೇರ ಅದರ ಮೈಮೇಲೆ. ಈ ಜಾಕ್ ನಡೆಯುವುದೇ ಎರಡು ಮೊಳೆಗಳ ಮೇಲೆ. ಸ್ಪ್ರಿಂಗಿನ ಬಲಕ್ಕೆ ಒಂದಾದ ಮೇಲೊಂದು ತೂತಿನೊಳಗೆ ಹೊಕ್ಕು ಭಾರ ಹಿಡಿಯಬೇಕು. ಎರಿಮಣ್ಣು ಅಲ್ಲಿ ಹೊಕ್ಕು ಒಣಗಿತೆಂದರೆ ಸಿಮೆಂಟಿದ್ದಂತೆ. ಆರು ತಿಂಗಳು ಹೊರಗೆ ತೂಗಿಸಿಟ್ಟ ಜಾಕು ಬೇಕಾದ ದಿನ ಅಲುಗಾಡುವುದಿಲ್ಲ. ಬಾಗಿಲ ಕೆಳಗಿನ ಕಬ್ಬಿಣದ ಪಟ್ಟಿಗೆ ಕಟ್ಟಿದರೂ ಇದೇ ಹಣೆಬರಹ. ಕಳುವಿನ ಭಯವನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲಾ ಆಗುವವರೆಗೆ ಮೂಲೆಯಲ್ಲಿ ಬೀಡಿ ಸೇದುತ್ತಾ ಕೂತಿದ್ದ ಒಬ್ಬ ಹಿರಿಯ ಟ್ರ್ಯಾಕ್ಟರ್ ಡ್ರೈವರ್ ಕೊನೆಗೆ ಬಾಯಿ ಬಿಟ್ಟ. “ತಮ್ಮಾ, ಗಾಡಿ ಸಿಗಬಿದ್ದಾಗ ಯಾವ ಕಡಿ ವಾಲತೈತಿ ಹೇಳು. ಆಮ್ಯಾಲ ಜಾಕ್ ಎಲ್ಲಿ ಕಟ್ಟಬೇಕು ನಾ ಹೇಳತೀನಿ.”

ಈ ಮಾತನ್ನು ಬಿಡಿಸಿ ನೋಡಿ. ನಾವು ಓಡಿಸುವುದು ರಸ್ತೆಯ ಎಡಕ್ಕೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತದೆ, ಅದರ ಬೆನ್ನಿಗೆ ಎರಡು ಡಬ್ಬಿ, ಡಬ್ಬಿಯಿಂದ ಎರಡೂ ಕಡೆ ಹೊರಗೆ ಚಾಚಿದ ಕಬ್ಬು. ಅದು ಜಾಗ ಕೊಡುವುದಿಲ್ಲ, ನಾವೇ ಕೊಡಬೇಕು. ಎಡಗಾಲಿಗಳು ಡಾಂಬರು ಬಿಟ್ಟು ಕೆಳಗಿಳಿಯುತ್ತವೆ, ಕೆಳಗೆ ನೆನೆದ ಎರಿ, ಗಾಡಿ ಎಡಕ್ಕೆ ವಾಲಿ ಕೂತುಬಿಡುತ್ತದೆ. ಎಡಬಾಗಿಲು ಏರಿಗೋ ಜಾಲಿ ಕಂಟಿಗೋ ಒತ್ತಿಕೊಂಡು ತೆರೆಯುವುದೇ ಇಲ್ಲ. ಜಾಕು ಎಡಗಡೆ ಇದ್ದರೆ ಅದು ಇದ್ದೂ ಇಲ್ಲ. ಬಲಗಡೆ ಹೊರಮೈಗೆ ಕಟ್ಟಿದರೆ ಬಿಚ್ಚುವವರು ಕತ್ತಲಲ್ಲಿ ರಸ್ತೆಯ ನಡುವೆ ನಿಲ್ಲಬೇಕು, ಲೈಟಿಲ್ಲದ ಗಾಡಿಗಳು ಬರುವ ರಸ್ತೆಯಲ್ಲಿ. ಉಳಿದದ್ದು ಹಿಂಬಾಗಿಲು. ಹಿಂದಿನಿಂದ ಕೈಹಾಕಿದರೆ ಸಿಗುವಂತೆ ಗಾಡಿಯ ಒಳಗೆ, ಬಲಗಡೆ, ನೆಲಕ್ಕೆ ಹತ್ತಿರ.

ಒಳಗೆ ಇಡುವುದು ಸರಿ, ಸುಮ್ಮನೆ ಮಲಗಿಸಿ ಇಡುವುದು ತಪ್ಪು. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಏನಕ್ಕೋ ಗುದ್ದಿ ಅರ್ಧ ಮೀಟರಿನೊಳಗೆ ನಿಂತಿತು ಅನ್ನಿ. ಆ ಕ್ಷಣಕ್ಕೆ ಈ 13 ಕಿಲೋ ಜಾಕನ್ನು ತಡೆದು ನಿಲ್ಲಿಸಲು ಬೇಕಾಗುವ ಬಲ 250 ಕಿಲೋ ಭಾರಕ್ಕೆ ಸಮ. ಅದು ಹಾರುವ ದಿಕ್ಕಿನಲ್ಲಿ ಕೂತಿರುವವರು ನಮ್ಮ ಮಕ್ಕಳು. ಹಗ್ಗ, ಎಲಾಸ್ಟಿಕ್ಕು ಇದಕ್ಕೆ ಸಾಲುವುದಿಲ್ಲ. ಹಿಂದಿನ ಸೀಟಿನ ಬೋಲ್ಟುಗಳು ಗಾಡಿಯ ಗಟ್ಟಿ ಭಾಗಕ್ಕೇ ಬಿಗಿದಿರುತ್ತವೆ. ಅಂಗಡಿಯವ ಅವಕ್ಕೇ ಹೊಂದಿಸಿ ದಪ್ಪ ಪಟ್ಟಿಯ ಎರಡು ಕ್ಲಾಂಪು ಮಾಡಿದ. ಒಳಗೆ ಹಳೆಯ ಟ್ಯೂಬಿನ ರಬ್ಬರು, ಪಾನಾ ಇಲ್ಲದೆ ಕೈಯಲ್ಲೇ ಬಿಚ್ಚುವ ರೆಕ್ಕೆಯ ನಟ್ಟು. ಹೊಸ ತೂತು ಹೊಡೆಯುವ ಪ್ರಸಂಗ ಬಂದರೆ ಮೊದಲು ಗಾಡಿಯ ಕೆಳಗೆ ಬಗ್ಗಿ ನೋಡಬೇಕು. ಡೀಸೆಲ್ ಟ್ಯಾಂಕು, ಬ್ರೇಕಿನ ಪೈಪು ಅಲ್ಲೇ ಹಾದುಹೋಗಿರುತ್ತವೆ. ಮೊಳೆಗಳಿರುವ ಜಾಗಕ್ಕೆ ಅತ್ತಿಗೆ ಹಳೆಯ ತಾಡಪಾಲಿನ ಒಂದು ಚೀಲ ಹೊಲಿದಳು. ಕ್ಲಾಂಪಿನಿಂದ ಬಿಚ್ಚಿ ಹೊರಗೆಳೆಯುವುದನ್ನು ಆಕೆಯ ಕೈಯಲ್ಲೇ ಮಾಡಿಸಿ ನೋಡಿದ ಮೇಲೆಯೇ ದುಡ್ಡು ಕೊಟ್ಟದ್ದು. ಗಾಡಿ ಹೊಡೆಯುವವರಲ್ಲಿ ಕಡಿಮೆ ಶಕ್ತಿಯವರು ಯಾರೋ ಅವರ ಕೈಗೆ ಒಬ್ಬರೇ ಇದ್ದಾಗ ಬರಬೇಕು, ಅದೇ ಜಾಕಿನ ಜಾಗ.

ಆದರೆ ಡ್ರೈವರ್ ಇನ್ನೂ ಎದ್ದಿರಲಿಲ್ಲ. “ಹಲಗಿ ಎಲ್ಲೈತಿ?” ಎಂದ.

ಎರಿಯಲ್ಲಿ ಜಾಕು ಹಚ್ಚಿದವರಿಗೆ ಇದು ಗೊತ್ತು. ಒತ್ತಿದಂತೆಲ್ಲಾ ಗಾಡಿ ಏಳುವುದಿಲ್ಲ, ಜಾಕೇ ಕೆಳಗಿಳಿಯುತ್ತದೆ. ಹೈಲಿಫ್ಟಿನ ತಳ ಸುಮಾರು 4 ಇಂಚು ಅಗಲ, 7 ಇಂಚು ಉದ್ದ, ಅಂದರೆ 28 ಚದರ ಇಂಚು. ಒಂದೂವರೆ ಅಡಿ ಚೌಕದ ಹಲಗೆ ಹಾಕಿದರೆ 324 ಚದರ ಇಂಚು. ಅದೇ ಭಾರ ಹನ್ನೊಂದು ಪಟ್ಟು ಜಾಗಕ್ಕೆ ಹರಡಿತು. ಎರಡಿಂಚು ದಪ್ಪದ ಕರಿಜಾಲಿ ಹಲಗೆ ಆಗಬೇಕು ಎಂದ. ಚಕ್ಕಡಿಯ ಗಾಲಿಗೆ ಬಳಸುತ್ತಿದ್ದ ಮರ, ಒದ್ದೆಗೂ ಭಾರಕ್ಕೂ ಜಗ್ಗುವುದಿಲ್ಲ. ಜಾಕಿನ ತಳ ಜಾರದಂತೆ ಸುತ್ತ ನಾಲ್ಕು ಪಟ್ಟಿ ಹೊಡೆಯಬೇಕು. ಮತ್ತು ಅದು ಜಾಕಿನ ಜೋಡಿಯೇ ಇರಬೇಕು, ಮನೆಯ ಹಿತ್ತಲಲ್ಲಿ ಅಲ್ಲ.

ಉಪಯೋಗಿಸುವ ರೀತಿಯನ್ನೂ ಅಲ್ಲೇ ತೋರಿಸಿದ. ಗಾಲಿ ನೆಲ ಬಿಡುವಷ್ಟು ಮಾತ್ರ ಎತ್ತುವುದು, ಕೆಳಗಿನ ಗುಂಡಿಗೆ ಕಲ್ಲು, ಕಬ್ಬಿನ ರವದಿ ತುಂಬುವುದು, ಇಳಿಸಿ ಗಾಡಿ ಹೊರಡಿಸುವುದು. ಎತ್ತಿದ ಗಾಡಿಯ ಕೆಳಗೆ ಮೈಯನ್ನಂತೂ ಹಾಕಲೇಬಾರದು. ಹೈಲಿಫ್ಟಿನಲ್ಲಿ ಇನ್ನೊಂದು ಅಪಾಯ ಇಳಿಸುವಾಗಿನದು. ಹಿಡಿಕೆಯನ್ನು ಪಟ್ಟಿಗೆ ಒತ್ತಿ ನೆಟ್ಟಗೆ ನಿಲ್ಲಿಸದೆ ಇಳಿಸುವ ಚಾವಿ ತಿರುವಿದರೆ ಅದು ಭಾರದ ಬಲಕ್ಕೆ ತಾನೇ ಪಟಪಟ ಬಡಿಯುತ್ತದೆ, ದವಡೆ ಎದುರಿಗಿದ್ದರೆ ದವಡೆಗೆ. ಪ್ಲಾಸ್ಟಿಕ್ ಬಂಪರಿಗೆ, ತಗಡಿನ ಮೈಗೆ ಈ ಜಾಕು ಹಚ್ಚುವಂತಿಲ್ಲ, ಚಾಸಿಗೆ ಕೂಡಿದ ಗಟ್ಟಿ ಕಬ್ಬಿಣ ಬೇಕು. ಅಂಥ ಕಬ್ಬಿಣ ಗಾಡಿಯಲ್ಲಿ ಇಲ್ಲದವರು ಹೈಲಿಫ್ಟಿಗೆ ದುಡ್ಡು ಸುರಿಯುವುದಕ್ಕಿಂತ ಒಂದು ಬಾಟ್ಲಿ ಜಾಕು ಇಟ್ಟುಕೊಳ್ಳುವುದು ಮೇಲು. ಅದನ್ನು ಮಾತ್ರ ನೆಟ್ಟಗೆ ನಿಲ್ಲಿಸಿ ಕಟ್ಟಿರಿ, ಅಡ್ಡ ಮಲಗಿಸಿದರೆ ಎಣ್ಣೆ ಸೋರುತ್ತದೆ.

ಇಲ್ಲಿ ಒಂದು ಮಾತು ಸೇರಿಸಿಬಿಡುತ್ತೇನೆ. ಹಂಗಾಮಿನಲ್ಲಿ ಈ ರಸ್ತೆಗಳಲ್ಲಿ ರಾತ್ರಿ ಓಡಾಡುವವರಿಗೆ ಸಿಕ್ಕಿಬಿದ್ದ ಗಾಡಿಗಿಂತ ಎದ್ದುಹೋದ ಗಾಡಿಯೇ ಹೆಚ್ಚಿನ ಭಯ. ಗಾಲಿಗೆ ಅಡ್ಡ ಕೊಟ್ಟ ಬೊಗಸೆ ಗಾತ್ರದ ಕಲ್ಲುಗಳನ್ನು ಡಾಂಬರಿನ ಮೇಲೆಯೇ ಬಿಟ್ಟು ಹೋಗಿರುತ್ತಾರೆ. ಹಿಂದೆ ಬೈಕಿನಲ್ಲಿ ಬರುವವನಿಗೆ ಅದು ಕಾಣುವುದಿಲ್ಲ. ಕಲ್ಲು ಎತ್ತಿ ಬದಿಗೆ ಒಗೆಯಲು ಅರ್ಧ ನಿಮಿಷ ಸಾಕು. ಡಬ್ಬಿಗಳ ಹಿಂದೆ ರೇಡಿಯಂ ಪಟ್ಟಿ ಹಚ್ಚಿರಿ ಎಂದು ಪೊಲೀಸರು ವರ್ಷಾ ಹೇಳುತ್ತಾರೆ, ಕೆಲವರು ಹಚ್ಚಿಕೊಂಡಿದ್ದಾರೆ. ಕಲ್ಲಿಗೆ ರೇಡಿಯಂ ಹಚ್ಚುವವರು ಯಾರು?

ಮಾವನ ಮಗನ ಜಾಕು ಇವತ್ತಿನವರೆಗೆ ಅವನ ಗಾಡಿಗೆ ಒಮ್ಮೆಯೂ ಬೇಕಾಗಿಲ್ಲ. ಹಲಗೆ ಮಾತ್ರ ಬೇಕಾಯಿತು. ಅಕ್ಟೋಬರಿನ ಮಳೆಯಲ್ಲಿ ಪಕ್ಕದ ಹೊಲದವರ ಕಬ್ಬಿನ ಡಬ್ಬಿಯ ಒಂದು ಗಾಲಿ ಅಚ್ಚಿನ ತನಕ ಹೂಳಿತ್ತು. ಸುಮಾರು 2 ಟನ್ ಎತ್ತುವ ಹೈಲಿಫ್ಟಿಗೆ ಅದು ಆಗುವ ಕೆಲಸವಲ್ಲ. ಅವರ ದೊಡ್ಡ ಬಾಟ್ಲಿ ಜಾಕಿನ ಕೆಳಗೆ ಇವರ ಕರಿಜಾಲಿ ಹಲಗೆ ಕೊಟ್ಟು ಎತ್ತಿದರು, ಕಬ್ಬು ಅವತ್ತೇ ರಾತ್ರಿ ಕಾರ್ಖಾನೆ ಮುಟ್ಟಿತು. ಹಲಗೆ ಅಲ್ಲಿಂದ ಇನ್ನೊಬ್ಬರ ಹೊಲಕ್ಕೆ ಹೋಗಿದೆಯಂತೆ. ಈಗ ಅತ್ತಿಗೆ ಎರಡನೆಯದು ಮಾಡಿಸಿ, ಅದರ ಮೇಲೆ ಕೆಂಪು ಬಣ್ಣದಲ್ಲಿ ಮನೆತನದ ಹೆಸರು ಬರೆಸಿ, ಜಾಕಿನ ಪಕ್ಕ ಬೀಗ ಹಾಕಿ ಇಟ್ಟಿದ್ದಾಳೆ. ಬೀಗದ ಕೈ ಗಾಡಿಯ ಚಾವಿಯ ಗೊಂಚಲಲ್ಲೇ ಇದೆ.