ಎರಡು ಯೆಜ್ಡಿ, ಒಂದೇ ದಾರಿ

ಪುಣೆಯಿಂದ ಧಾರವಾಡಕ್ಕೆ 400 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ರೈಲಿದೆ, ಬಸ್ಸುಗಳಿಗೂ ಬರವಿಲ್ಲ. ಆದರೂ ವರ್ಷಕ್ಕೊಮ್ಮೆ ಊರಿಗೆ ಮೋಟಾರ್ ಸೈಕಲ್ಲಿನ ಮೇಲೆಯೇ ಹೋಗಬೇಕೆಂಬುದು ನಮ್ಮದೊಂದು ಹುಚ್ಚು. ಇಷ್ಟು ಕಾಲ ಆ ಹುಚ್ಚಿಗೆ ಹೆಗಲು ಕೊಟ್ಟದ್ದು ನಮ್ಮ ತಂದೆಯವರು 1984ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್.

ಈ ಗಾಡಿ ಮೈಸೂರಿನ ಮಗಳು. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಮೊದಲು ಜಾವಾ, ಆಮೇಲೆ ಯೆಜ್ಡಿ ಎಂಬ ಹೆಸರಿನಿಂದ ಗಾಡಿಗಳು ತಯಾರಾಗುತ್ತಿದ್ದುವು. 1996ರಲ್ಲಿ ಅದರ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರು. ಕಿಕ್ ಹೊಡೆದ ಪೆಡಲೇ ಮರುಗಳಿಗೆಯಲ್ಲಿ ಗೇರಿನ ಪೆಡಲು. ಪೆಟ್ರೋಲಿಗೆ ಎಣ್ಣೆಯನ್ನು ಅಳೆದು ಬೆರೆಸಬೇಕು. ಬಿಡಿಭಾಗಗಳಿಗೆ ಅಲೆಯಬೇಕು, 15 ವರ್ಷ ದಾಟಿದ ಗಾಡಿಯಾದ್ದರಿಂದ ಐದು ವರ್ಷಕ್ಕೊಮ್ಮೆ ನೋಂದಣಿಯ ನವೀಕರಣಕ್ಕೂ ಅಲೆಯಬೇಕು.

ಅದರ ಮೇಲಿನ ಪ್ರಯಾಣವೆಂದರೆ ದಾರಿಯಲ್ಲಿರುವ ಊರುಗಳ ಪರಿಚಯವೇ ಸರಿ. ಖಂಬಾಟಕಿ ಘಟ್ಟವೇರಿದ ಮೇಲೆ ಇಂಜಿನ್ನಿಗೆ ವಿಶ್ರಾಂತಿ. ಕೃಷ್ಣೆ ಕೊಯ್ನೆಯರು ಕೂಡುವ ಕರಾಡದಲ್ಲಿ ಚಹಾ. ಕೊಲ್ಲಾಪುರವಾಗಿ ಕೋಗನೋಳಿ ದಾಟಿತೆಂದರೆ ಬೋರ್ಡುಗಳ ಮೇಲೆ ಕನ್ನಡ ಕಾಣಿಸಿಕೊಳ್ಳುತ್ತದೆ. ತಂಬಾಕಿನ ಪೇಟೆ ನಿಪ್ಪಾಣಿಯಲ್ಲಿ ಮತ್ತೊಮ್ಮೆ ಇಳಿಯಲೇಬೇಕು. ಗಾಡಿಯ ಸದ್ದು ಕೇಳಿ ಯಾರಾದರೂ ಹಿರಿಯರು ಬಂದು, “ನಮ್ಮಲ್ಲೂ ಒಂದಿತ್ತರೀ” ಎಂದು ಮಾತು ತೆಗೆಯುತ್ತಾರೆ. ಧಾರವಾಡ ಸೇರುವ ಹೊತ್ತಿಗೆ ದೀಪ ಹಚ್ಚಿರುತ್ತಾರೆ.

2023ರ ಜುಲೈ ತಿಂಗಳಲ್ಲಿ ಊರಿನಿಂದ ಮರಳುವಾಗ ಮಳೆ. ತವಂದಿ ಘಟ್ಟ ಇಳಿಯುತ್ತಿದ್ದೆವು. ಮುಂದಿನ ಲಾರಿ ಫಕ್ಕನೆ ನಿಂತಿತು. ಬ್ರೇಕು ಅದುಮಿದೆವು; ಹಿಂದಿನ ಗಾಲಿ ಬಿಗಿದುಕೊಂಡು ಗಾಡಿ ಅಡ್ಡಡ್ಡ ಜಾರಿ, ಲಾರಿಯಿಂದ ಒಂದು ಮೊಳ ದೂರದಲ್ಲಿ ನಿಂತಿತು. ಗಾಡಿಯನ್ನು ದೂರಿ ಫಲವಿಲ್ಲ. ಸವೆದ ಬ್ರೇಕ್ ಶೂಗಳನ್ನು ಬದಲಿಸದೆ ಹೊರಟವರು ನಾವು. ಹಿಂದೆ ಕುಳಿತಿದ್ದ ನಮ್ಮ ಮನೆಯವರು ಒಂದು ಮಾತನ್ನೂ ಆಡಲಿಲ್ಲ. ಆದರೆ ನಮ್ಮ ಹೆಗಲ ಮೇಲಿದ್ದ ಅವರ ಕೈಯ ನಡುಕ ನಿಪ್ಪಾಣಿ ತಲುಪಿದರೂ ನಿಂತಿರಲಿಲ್ಲ.

ಮುಂದಿನ ವರ್ಷ ಸಹೋದ್ಯೋಗಿಯೊಬ್ಬರು ತಮ್ಮ ಹೊಸ ಯೆಜ್ಡಿಯನ್ನು ಕೊಟ್ಟರು. ಬೇರೊಂದು ಕಂಪನಿ 2022ರಲ್ಲಿ ಆ ಹೆಸರನ್ನು ಮತ್ತೆ ಪೇಟೆಗೆ ತಂದಿದೆ. ತಯಾರಾಗುವುದು ಮಧ್ಯಪ್ರದೇಶದ ಪೀಥಂಪುರದಲ್ಲಿ. 334 ಸಿ.ಸಿ. ಇಂಜಿನ್ನು, ಅದನ್ನು ತಣಿಸಲು ಪ್ರತ್ಯೇಕ ದ್ರವ, ಆರು ಗೇರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು. ಗಾಲಿ ಪೂರ್ತಿ ಬಿಗಿದುಕೊಳ್ಳದಂತೆ ಕಾಯುವ ಎ.ಬಿ.ಎಸ್. ಬೇರೆ. ಘಟ್ಟಗಳು ಬಂದದ್ದೂ ಹೋದದ್ದೂ ತಿಳಿಯಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಧಾರವಾಡ! ನಮ್ಮ ಮನೆಯವರು ದಾರಿಯುದ್ದಕ್ಕೂ ಮಾತನಾಡುತ್ತಲೇ ಬಂದರು. ನಮಗೇಕೋ ಏನನ್ನೋ ಮರೆತು ಬಂದಂತೆ ಅನಿಸುತ್ತಿತ್ತು. ಅಂಗಳದಲ್ಲಿ ಇಳಿದಾಗ ನೆನಪಾಯಿತು: ನಿಪ್ಪಾಣಿಯಲ್ಲಿ ನಿಲ್ಲಲೇ ಇಲ್ಲ.

ಹಳೆಯದನ್ನು ಬಿಡುವ ಮಾತನ್ನು ತಂದೆಯವರ ಮುಂದೆ ಎತ್ತುವುದು ಹೇಗೆ? ಮಗುವಾಗಿದ್ದಾಗ ನಮ್ಮನ್ನು ಅದರ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಊರೆಲ್ಲ ತೋರಿಸಿದವರು ಅವರು. ಊಟವಾದ ಮೇಲೆ ಧೈರ್ಯ ಮಾಡಿ, ಘಟ್ಟದಲ್ಲಿ ನಡೆದುದನ್ನೂ ಸೇರಿಸಿ ಹೇಳಿದೆವು. ಅವರು ಎಲೆಗೆ ಸುಣ್ಣ ಹಚ್ಚುತ್ತ, “ಗಾಡಿ ಇರೋದು ಮನಿ ಮುಟ್ಟಸಲಿಕ್ಕಪ್ಪಾ, ಪೂಜಾ ಮಾಡಲಿಕ್ಕಲ್ಲ. ನನ್ನ ಸೊಸಿ ನಡಗಿದ್ಲು ಅಂದಮ್ಯಾಲೆ ಇನ್ಯಾತರ ವಿಚಾರ?” ಎಂದರು. ಸ್ವಲ್ಪ ತಡೆದು, “ಅದನ್ನ ಮಾತ್ರ ಮಾರಬ್ಯಾಡ. ಇಲ್ಲೇ ತಂದು ನಿಲ್ಲಸು” ಎಂದರು.

ಹಾಗೆಯೇ ಮಾಡಿದೆವು. ಹಳೆಯದು ಈಗ ಧಾರವಾಡದ ಹಿತ್ತಲಲ್ಲಿದೆ. ಪ್ರತಿ ರವಿವಾರ ತಂದೆಯವರು ಅದರ ಸದ್ದನ್ನು ಓಣಿಗೆಲ್ಲ ಕೇಳಿಸುತ್ತಾರೆ. ನಾವು ಕಂತಿನ ಮೇಲೆ ಹೊಸದನ್ನು ಕೊಂಡಿದ್ದೇವೆ. ನಿಪ್ಪಾಣಿಯಲ್ಲಿ ಮಾತ್ರ ತಪ್ಪದೆ ಇಳಿಯುತ್ತೇವೆ. ಇಂಜಿನ್ನಿಗೆ ಈಗ ದಣಿವಿಲ್ಲ. ದಣಿದವರು ನಾವೇ ಎಂದುಕೊಂಡರಾಯಿತು.