ಹಿಂದಕ್ಕೆ ಮಗುಚುವ ಸುಖ

ಕಾಗದದ ಪುಸ್ತಕದ ಪರ ವಕಾಲತ್ತು ವಹಿಸುವವರು ಮೊದಲು ಎತ್ತುವುದು ಕಣ್ಣಿನ ಮಾತು, ಆಮೇಲೆ ವಾಸನೆಯ ಮಾತು. ಎರಡೂ ಹುರುಳಿಲ್ಲದವು. ಕಿಂಡಲ್‌ನಂಥ ಇ-ರೀಡರು ಮೊಬೈಲಿನಂತೆ ಬೆಳಕು ಎರಚುವುದಿಲ್ಲ. ಅದರ ಪರದೆಯೊಳಗಿನ ಅತಿಸಣ್ಣ ಗುಳಿಗೆಗಳಲ್ಲಿ ಕಪ್ಪು-ಬಿಳಿ ಕಣಗಳಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಮೇಲೆದ್ದಲ್ಲಿ ಅಕ್ಷರ, ಬಿಳಿ ಮೇಲೆದ್ದಲ್ಲಿ ಹಾಳೆ. ಹಗಲಲ್ಲಿ ಕಾಗದದಂತೆಯೇ ಸುತ್ತಲಿನ ಬೆಳಕಿನಲ್ಲಿ ಅದನ್ನು ಓದಬಹುದು. ಚಾಳೀಸು ಬಂದವರಿಗೆ ಅಕ್ಷರ ಹಿಗ್ಗಿಸಿಕೊಳ್ಳುವ ಅನುಕೂಲ ಬೇರೆ. ಇನ್ನು ಹಳೆಯ ಪುಸ್ತಕದ ಘಮ ಎಂದು ನಾವು ಮೂಗರಳಿಸುವುದು, ನಿಜ ಹೇಳಬೇಕೆಂದರೆ, ಕಾಗದ ಶಿಥಿಲವಾಗುತ್ತಿರುವ ಸುದ್ದಿಗೆ.

ಆದರೂ ನಿತ್ಯದ ಓದಿಗೆ ನನ್ನ ಮತ ಕಾಗದಕ್ಕೇ. ಕಾರಣ, ಓದೆಂದರೆ ಮುಂದೆ ಹೋಗುವಷ್ಟೇ ಹಿಂದೆ ಬರುವ ಕೆಲಸ. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಂಥ ಪಾತ್ರಗಳ ಜಾತ್ರೆಯಲ್ಲಿ ಐತ ಯಾರ ಮನೆಯ ಆಳು, ನಾಯಿಗುತ್ತಿಯ ಊರು ಯಾವುದು ಎಂದು ಹತ್ತಾರು ಸಲ ಹಿಂದಿರುಗಬೇಕಾಗುತ್ತದೆ. ಎಡಪುಟದ ಕೆಳಗೆ, ಇಷ್ಟು ದಪ್ಪ ಓದಿದ ಮೇಲೆ ಬಂದದ್ದು ಎಂಬುದು ಬೆರಳಿಗೆ ನೆನಪಿರುತ್ತದೆ. ಯಂತ್ರದಲ್ಲಿ ಹುಡುಕುವ ಸೌಲಭ್ಯವಿದೆಯಲ್ಲ ಎನ್ನಬಹುದು. ಇದೆ, ಹೆಸರು ನೆನಪಿದ್ದವರಿಗೆ ಅದರಷ್ಟು ಚುರುಕು ಬೇರೊಂದಿಲ್ಲ. ಹೆಸರೇ ಮರೆತು ಸಂದರ್ಭವಷ್ಟೇ ಉಳಿದಾಗ ಅದು ಕೈಚೆಲ್ಲುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೂ ಉಂಟು. 2018ರಲ್ಲಿ ಪ್ರಕಟವಾದ, 54 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ವಿಶ್ಲೇಷಣೆಯೊಂದು ಮಾಹಿತಿಯ ಬರಹ ಕಾಗದದಲ್ಲಿ ಹೆಚ್ಚು ಅರ್ಥವಾಗುತ್ತದೆ ಎಂದಿತು, ಕಥನದಲ್ಲಿ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಕಾದಂಬರಿಯನ್ನು ಮುಂದಿಟ್ಟ ನನ್ನ ವಾದ ಬಿತ್ತೇ? ಅರ್ಧ ಬಿತ್ತು. ಒಮ್ಮೆ ಓದಿ ಬಿಡುವ ಪತ್ತೇದಾರಿ ಕಥೆಗೆ ಇ-ರೀಡರು ಸಾಕು, ಪ್ರಯಾಣದಲ್ಲಂತೂ ಅದೇ ಸರಿ. ಆದರೆ ಓದಿದ್ದು ಅರ್ಥವಾಯಿತೇ ಎಂದು ಅಳೆಯುವುದು ಬೇರೆ, ವರ್ಷ ಕಳೆದು ಅದೇ ಪುಟಕ್ಕೆ ಮರಳುವುದು ಬೇರೆ.

ಕನ್ನಡದ ಓದುಗನಿಗೆ ಇನ್ನೊಂದು ತೊಡಕು. ಜಾಲದಲ್ಲಿ ಸಿಗುವ ನಮ್ಮ ಹಳೆಯ ಪುಸ್ತಕಗಳಲ್ಲಿ ಬಹುಪಾಲು ಸ್ಕ್ಯಾನ್ ಮಾಡಿದ ಚಿತ್ರಗಳು. ಡೆಮಿ 1/8 ಆಕಾರದ ಪುಟವನ್ನು ಆರಿಂಚಿನ ಪರದೆಗೆ ತುರುಕಿದರೆ ಮೊದಲು ಮಸುಕಾಗುವುದು ಒತ್ತಕ್ಷರ. ಹಿಗ್ಗಿಸಿದರೆ ಸಾಲು ಪರದೆಯಾಚೆ ಓಡುತ್ತದೆ, ಅದನ್ನು ಎಳೆದೆಳೆದು ಓದಬೇಕು. ಚಾಳೀಸಿನವರಿಗೆ ಮೇಲೆ ಹೇಳಿದ ಅನುಕೂಲ ಇಲ್ಲಿ ಸೊನ್ನೆ. ಹೊಸದಾಗಿ ಟೈಪಾಗಿ ಇ-ಪುಸ್ತಕವಾದವುಗಳಿಗೆ ಈ ಕಾಟವಿಲ್ಲ. ಆದರೆ ಕೊಂಡದ್ದು ನಮ್ಮದೇ ಎನ್ನುವ ಹಾಗಿಲ್ಲ. 2009ರಲ್ಲಿ ಅಮೆಜಾನ್, ಹಕ್ಕಿನ ತಕರಾರಿನಿಂದಾಗಿ, ಗ್ರಾಹಕರ ಕಿಂಡಲ್‌ಗಳಿಂದ ಆರ್ವೆಲ್‌ನ ‘1984’ ಕಾದಂಬರಿಯನ್ನು ದೂರದಿಂದಲೇ ಅಳಿಸಿಹಾಕಿತ್ತು. ಹಣ ವಾಪಸು ಕೊಟ್ಟಿತು, ಆಮೇಲೆ ಕ್ಷಮೆಯನ್ನೂ ಕೇಳಿತು. ಕಾಗದದ ಪುಸ್ತಕವನ್ನು ನಮ್ಮ ಕಪಾಟಿನಿಂದ ಹಾಗೆ ಮಾಯ ಮಾಡಬಲ್ಲವರು ಎರವಲು ಒಯ್ದ ಸ್ನೇಹಿತರು ಮಾತ್ರ.