ಅಳತೆಯನ್ನು ಅಳೆಯೋರು ಯಾರು?

ನಮ್ಮ ಫಿಸಿಕ್ಸ್ ಲ್ಯಾಬಿನ ಗೈಗರ್ ಕೌಂಟರ್ ಹತ್ತಿರ ಏನೂ ಇಡದಿದ್ದರೂ ಟಿಕ್ ಟಿಕ್ ಅನ್ನುತ್ತೆ. ನೆಲ, ಗ್ರಾನೈಟು, ಆಕಾಶ ಎಲ್ಲದರಿಂದಲೂ ಸ್ವಲ್ಪ ಸ್ವಲ್ಪ ವಿಕಿರಣ ಬರುತ್ತಲೇ ಇರುತ್ತೆ. ಕಾರವಾರ ಕಡೆಯ ಗೆಳೆಯನೊಬ್ಬ ನಮ್ಮ ಬ್ಯಾಚಿನಲ್ಲಿದ್ದಾನೆ. "ಕೈಗಾ ಸುತ್ತಮುತ್ತ ಅಳೀತಾರೆ, ಸರಿ. ಆ ಅಳತೆಯನ್ನು ಅಳೆಯೋರು ಯಾರು ಮಾರಾಯ?" ಅಂದ. ನಮ್ಮಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ, ಹುಡುಕತೊಡಗಿದೆವು.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1995ರಲ್ಲಿ ಅಲ್ಮೆರಾ ಅನ್ನುವ ಲ್ಯಾಬುಗಳ ಜಾಲ ಕಟ್ಟಿತು. ಮಣ್ಣು, ನೀರಿನಂಥ ಒಂದೇ ಸ್ಯಾಂಪಲ್ಲನ್ನು ಬೇರೆ ಬೇರೆ ದೇಶದ ಲ್ಯಾಬುಗಳಿಗೆ ಕಳಿಸ್ತಾರೆ. ಸರಿಯುತ್ತರ ಸಂಸ್ಥೆಗೆ ಮಾತ್ರ ಗೊತ್ತು. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆಯೋ ವಿದ್ಯೆ ಇಲ್ಲಿ ನಡೆಯಲ್ಲ!

ಇಂಥ ನಂಬಿಕೆ ಯಾಕೆ ಬೇಕು ಅನ್ನೋದು 2017ರ ಯುರೋಪನ್ನು ನೋಡಿದರೆ ತಿಳಿಯುತ್ತೆ. ಆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿಗೆ ಹಲವು ದೇಶಗಳ ಗಾಳಿಯಲ್ಲಿ ರುಥೇನಿಯಂ-106 ಸಿಕ್ಕಿತು. ಪಂಪ್ ಹಾಕಿ ಗಾಳಿಯನ್ನು ಫಿಲ್ಟರ್ ಮೂಲಕ ಎಳೆದು, ಆ ಫಿಲ್ಟರನ್ನು ತಣ್ಣಗಿಟ್ಟ ಜರ್ಮೇನಿಯಂ ಡಿಟೆಕ್ಟರ್ ಮುಂದೆ ಇಡ್ತಾರೆ. ತಮಾಷೆ ಅಂದ್ರೆ ರುಥೇನಿಯಂ-106 ತಾನಾಗಿ ಗಾಮಾ ಕಿರಣ ಬಿಡೋದೇ ಇಲ್ಲ. ಅದರಿಂದ ಹುಟ್ಟುವ ರೋಡಿಯಂ-106 ಬಿಡುವ 622 ಕೆಇವಿ ಕಿರಣ ನೋಡಿ, ಮಗುವಿನಿಂದ ತಾಯಿಯನ್ನು ಗುರುತಿಸಬೇಕು.

ಪ್ರಮಾಣ ಯುರೋಪಿನ ಜನರ ಆರೋಗ್ಯಕ್ಕೆ ಅಪಾಯ ಅನ್ನುವಷ್ಟೇನೂ ಇರಲಿಲ್ಲ. ಆದರೆ ಬಂದದ್ದೆಲ್ಲಿಂದ? ಒಂದೇ ಲ್ಯಾಬು ಇದನ್ನು ಹೇಳಲಾರದು. 1980ರ ದಶಕದಲ್ಲಿ ಐದು ದೇಶದವರು ಶುರು ಮಾಡಿದ 'ರಿಂಗ್ ಆಫ್ ಫೈವ್' ಅನ್ನೋ ಅನೌಪಚಾರಿಕ ಬಳಗ ಇದೆ. ಈಗ ಇಪ್ಪತ್ತಕ್ಕೂ ಹೆಚ್ಚು ದೇಶಗಳಿದ್ದರೂ ಹೆಸರಲ್ಲಿ ಐದೇ. ಆ ಬಳಗದವರು ತಮ್ಮ ತಮ್ಮ ಅಂಕಿಗಳನ್ನು ಒಟ್ಟಿಗೆ ಹಾಕಿದರು. 2019ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ 1,300ಕ್ಕೂ ಹೆಚ್ಚು ಅಳತೆಗಳಿವೆ.

ರಿಯಾಕ್ಟರ್ ಅಪಘಾತವಾದರೆ ಜೊತೆಗೆ ಬರಬೇಕಿದ್ದ ಸೀಸಿಯಂ, ಅಯೋಡಿನ್ ಕಾಣಲಿಲ್ಲ. ಹಾಗಾಗಿ ಬಳಸಿದ ಇಂಧನವನ್ನು ಮರುಸಂಸ್ಕರಿಸುವ ಕಡೆ ಏನೋ ಆಗಿದೆ ಅಂತ ತರ್ಕಿಸಿದರು. ಗಾಳಿಯ ಲೆಕ್ಕ ಹಿಂದಕ್ಕೆ ಹಾಕಿದಾಗ ದಕ್ಷಿಣ ಉರಲ್ ಪ್ರದೇಶ ಬಂತು. ಅಲ್ಲಿರೋದು ಮಯಾಕ್ ಸ್ಥಾವರ. ರಷ್ಯಾ ನಿರಾಕರಿಸಿತು. ನಮಗಂತೂ ಲ್ಯಾಬಿನವರ ವಾದವೇ ಗಟ್ಟಿ ಅನ್ನಿಸುತ್ತೆ. ಒಂದು ದೇಶದ ಅಂಕಿಯನ್ನು ತಳ್ಳಿಹಾಕಬಹುದು, ಇಷ್ಟೊಂದು ದೇಶದ್ದು ಕಷ್ಟ.

ರುಥೇನಿಯಂ-106 ಸುಮಾರು ಒಂದು ವರ್ಷಕ್ಕೆ ಅರ್ಧ ಆಗುತ್ತೆ. ಅಂದಿನ ಫಿಲ್ಟರುಗಳಲ್ಲಿದ್ದದ್ದು ಈಗ ಹೆಚ್ಚುಕಡಿಮೆ ಮುಗಿದಿದೆ. 'ಹೌದು, ನಮ್ಮಿಂದಲೇ ಆಯ್ತು' ಅಂತ ಯಾರೂ ಇನ್ನೂ ಹೇಳಿಲ್ಲ.